ಕೂರಬಾರದ ಹೊತ್ತು

ಬಾಣಕ್ಕೆ ಅಂಟಿದ್ದ ರಕ್ತದ ಬಣ್ಣ ಹಬೀಬನಿಗೆ ಹಿಡಿಸಲಿಲ್ಲ. ಒಣ ಎಲೆಗಳ ಮೇಲೆ ಬಿದ್ದಿದ್ದ ಬಾಣವನ್ನು ಎತ್ತಿ, ಕನ್ನಡಕವನ್ನು ಹಣೆಗೇರಿಸಿ, ಸೂಜಿಗೆ ದಾರ ಪೋಣಿಸುವವನ ಹಾಗೆ ಕಣ್ಣಿನ ಹತ್ತಿರ ಹಿಡಿದು ನೋಡಿದ. ತಿಳಿಗೆಂಪಾಗಿ ನೊರೆ ಕಟ್ಟಿಕೊಂಡಿದ್ದರೆ ಬಾಣ ಎದೆಗೂಡನ್ನು ಹೊಕ್ಕಿದೆ ಎಂದರ್ಥ; ಅಂಥ ಜಿಂಕೆ ಕೂಗಳತೆಯೊಳಗೇ ಬಿದ್ದಿರುತ್ತದೆ. ಇದು ಹಾಗಿರಲಿಲ್ಲ. ಕಪ್ಪಿಗೆ ತಿರುಗಿದ ಗಟ್ಟಿ ಕೆಂಪು. ಮೂಗಿಗೆ ಹಿಡಿದ. ಹೊಟ್ಟೆಯ ಹುಳಿ ವಾಸನೆಯೂ ಇಲ್ಲ. ಹಾಗಾದರೆ ಕಲೇಜಿಗೆ, ಯಕೃತ್ತಿಗೆ, ತಗುಲಿದೆ, ಒಂದು ಗೇಣು ಹಿಂದಕ್ಕೆ ಹೋಗಿದೆ. ಬಾಣ ಬಿಡುವಾಗ ಬಿಸ್ಮಿಲ್ಲಾ ಎಂದದ್ದು ನೆನಪಿದೆ, ಉಸಿರು ಹಿಡಿದದ್ದು ನೆನಪಿದೆ, ಜಿಂಕೆ ಒಂದು ಹೆಜ್ಜೆ ಮುಂದಿಟ್ಟದ್ದೂ ನೆನಪಿದೆ. ಆ ಒಂದು ಹೆಜ್ಜೆಯನ್ನು ಅದು ಬಾಣ ಬಿಟ್ಟಮೇಲೆ ಇಟ್ಟಿತೋ, ಮುಂಚೆಯೇ ಇಟ್ಟದ್ದನ್ನು ತಾನು ಕಂಡೂ ಬಿಟ್ಟೆನೋ, ಅದು ಮಾತ್ರ ಸ್ಪಷ್ಟವಿಲ್ಲ. ಕಲೇಜಿಗೆ ತಗುಲಿದ ಜಿಂಕೆ ಸಾಯುವುದು ಖಂಡಿತ. ಆದರೆ ನಿಧಾನವಾಗಿ ಸಾಯುತ್ತದೆ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನಿಗೆ ಇಬ್ಬರು ಹೇಳಿಕೊಟ್ಟಿದ್ದರು, ಇಬ್ಬರೂ ಬೇರೆಬೇರೆ ಹೇಳಿದ್ದರು. ಬೇಟೆಯ ಲೈಸೆನ್ಸಿಗೆ ಮುಂಚೆ ಮುಗಿಸಲೇಬೇಕಾದ ಕೋರ್ಸಿನಲ್ಲಿ, ಅವನ ಅರ್ಧ ವಯಸ್ಸಿನ ಹುಡುಗರ ನಡುವೆ, 'ಸರ್, ರಕ್ತ ಕಂಡರೆ ನಿಮಗೇನೂ ತೊಂದರೆಯಿಲ್ಲ ತಾನೇ' ಎಂದು ಎಲ್ಲರೆದುರು ಕೇಳಿ ಅವನ ಕಿವಿ ಬಿಸಿಯಾಗುವಂತೆ ಮಾಡಿದ ಮೇಷ್ಟರು ಹೇಳಿದ್ದು: ರಕ್ತ ಕಪ್ಪಾಗಿದ್ದರೆ ಹಿಂದೆ ಹೋಗಬೇಡಿ, ಎಲ್ಲಾದರೂ ಕೂತು ಗಂಟೆಗಟ್ಟಲೆ ಕಾಯಿರಿ. ಯಾರೂ ಅಟ್ಟದಿದ್ದರೆ ಅದು ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ, ಮಲಗಿದಲ್ಲೇ ಪ್ರಾಣ ಬಿಡುತ್ತದೆ. ಅಟ್ಟಿದಿರೋ, ಯಾರ ಹಿತ್ತಿಲಿಗೆ ಹೋಗಿ ಬೀಳುತ್ತದೋ ದೇವರಿಗೇ ಗೊತ್ತು. ಇನ್ನು ಮಸೀದಿಯ ಮೌಲಾನಾ, ಅವರೂ ಎಳೆಯರೇ, ಎರಡು ಶುಕ್ರವಾರ ಟೈಮ್ ತೆಗೆದುಕೊಂಡು ಕಿತಾಬು ನೋಡಿ ಹೇಳಿದ್ದು: ಬಿಸ್ಮಿಲ್ಲಾ ಹೇಳಿ ಬಿಟ್ಟ ಬಾಣ ತಗುಲಿ ಪ್ರಾಣಿ ಕಣ್ಮರೆಯಾದರೆ ಬೆನ್ನು ಬಿಡಬಾರದು. ಹುಡುಕುತ್ತಲೇ ಹೋಗಿ ಸತ್ತದ್ದನ್ನು ಕಂಡರೆ ತಿನ್ನಬಹುದು. ಹುಡುಕುವುದನ್ನು ಬಿಟ್ಟು ನಡುವೆ ಕೂತುಬಿಟ್ಟು, ಆಮೇಲೆ ಎದ್ದುಹೋಗಿ ಸತ್ತದ್ದನ್ನು ಕಂಡರೆ ತಿನ್ನುವ ಹಾಗಿಲ್ಲ. ಯಾವುದರಿಂದ ಸತ್ತಿತೋ ಯಾರು ಬಲ್ಲರು. ಅತ್ತ ದರಿ, ಇತ್ತ ಪುಲಿ. ಹಾಗಾದರೆ ನಿಂತುಕೊಂಡರೆ ಹೇಗೆ ಎಂದು ಹಬೀಬ್ ಕೇಳಿದ್ದ. ಮೌಲಾನಾ ಗಡ್ಡ ನೀವಿಕೊಂಡು, ನಿಲ್ಲುವುದು ಬೇರೆ, ಕೂರುವುದು ಬೇರೆ, ಆದರೆ ಮನಸ್ಸು ಹುಡುಕುತ್ತಿರಬೇಕು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಹಬೀಬನಿಗೆ ಅಷ್ಟು ಬೆಳಕು ಸಾಕಾಗಿತ್ತು.

ಹಾಗಾಗಿ ಈಗ ಅವನು ಓಕ್ ಮರದ ಕೆಳಗೆ, ಅದಕ್ಕೆ ಒರಗದೆ, ನಿಂತಿದ್ದ. ಬಿಲ್ಲನ್ನು ಚೀಲಕ್ಕೆ ಹಾಕಿ ಮರಕ್ಕೆ ನೇತುಹಾಕಿದ್ದಾಗಿತ್ತು. ನಿಲ್ಲುವುದು ಅವನಿಗೆ ಹೊಸದಲ್ಲ. ಮಾತ್ರೆ ಮಾಡುವ ಕಂಪನಿಯಲ್ಲಿ ಜೀವಮಾನವಿಡೀ ಯಂತ್ರದ ಪಕ್ಕ ನಿಂತು ಕ್ವಾಲಿಟಿ ನೋಡಿದವನು. ಒಂದು ಗಳಿಗೆ ಕೂತರೂ ಏನೋ ತಪ್ಪಿ ಮುಂದೆ ಹೋಗಿಬಿಡುತ್ತದೆ ಎಂಬ ಭಯ ಮನೆಗೂ ಅವನ ಜೊತೆಯಲ್ಲೇ ಬರುತ್ತಿತ್ತು. ಆಸ್ಪತ್ರೆಯಲ್ಲೂ ಅವನು ನಿಂತೇ ಇದ್ದ. ಹೆಂಡತಿ ಖತೀಜಾಳ ಮಂಚದ ಪಕ್ಕ ನೀಲಿ ರೆಕ್ಸಿನ್ನಿನ ಕುರ್ಚಿಯೊಂದಿತ್ತು, ಅದರ ಮೇಲೆ ಅವನ ಕೋಟು, ಇನ್ಶೂರೆನ್ಸಿನ ಕಾಗದಗಳು. ಅವನು ಬಾಗಿಲಲ್ಲಿ ನಿಂತು ಡಾಕ್ಟರಿಗಾಗಿ ಕಾಯುತ್ತಿದ್ದ, ನರ್ಸಿಗಾಗಿ ಕಾಯುತ್ತಿದ್ದ, ಫೋನಿನಲ್ಲಿ ಹೋಲ್ಡ್ ಮುಗಿಯುವವರೆಗೆ ಕಾದು ಯಾರನ್ನೋ ಗದರುತ್ತಿದ್ದ. ಮಂಚದ ಮುಖ ಬಾಗಿಲ ಕಡೆಗಿತ್ತು. ಖತೀಜಾ ದಿಂಬಿಗೆ ಒರಗಿ ಅವನನ್ನೇ ನೋಡುತ್ತಿದ್ದಳು, ಮತ್ತು ಅವನು, ಇವಳು ತನ್ನ ಓಡಾಟವನ್ನು ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡಿದ್ದ. ಅವಳು ಹೋಗಿ ಎರಡು ವರ್ಷ ಆಗುತ್ತ ಬಂತು. ಬರುವ ಭಾನುವಾರ, ಕಾರಿನಲ್ಲಿ ಎರಡು ತಾಸು ದೂರದ ಜೆರಿಕೋದಲ್ಲಿ, ಮಗಳು ಆರಿಫಾಳ ಮನೆಯಲ್ಲಿ, ಖತೀಜಾಳ ಹೆಸರಿನಲ್ಲಿ ಊಟ. ಆರಿಫಾಳ ಅತ್ತೆ ಮಾವ, ಅವರ ಕಡೆಯ ಡಾಕ್ಟರುಗಳು, ಎಲ್ಲ ಬರುತ್ತಾರೆ. ಅಂಗಡಿ ಮಾಂಸ ಬೇಡ, ನಾನೇ ತರುತ್ತೇನೆ ಎಂದು ಹಬೀಬ್ ಫೋನಿನಲ್ಲಿ ಹೇಳಿದಾಗ ಮಗಳು, "ಅಬ್ಬಾ, ಆರ್ ಯು ಓಕೆ? ಲೈಕ್, ರಿಯಲಿ?" ಎಂದಿದ್ದಳು. ಅವನಿಗೆ ಅವಮಾನವಾಗಿತ್ತು. ಖತೀಜಾಳಿಗಾಗಿ ತನ್ನ ಕೈಯಾರೆ ಮಾಡಿದ್ದು ಅಂತ ಒಂದಾದರೂ ಇರಲಿ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಫ್ರೀಜರಿನಲ್ಲಿ ಜಾಗ ಮಾಡಿಟ್ಟಿರು ಎಂದಷ್ಟೇ ಹೇಳಿದ್ದ.

ಚಳಿಗಾಲಕ್ಕೆಂದು ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ವಾರ ಅದು. ಮಧ್ಯಾಹ್ನ ಎಂದುಕೊಳ್ಳುವಷ್ಟರಲ್ಲಿ ನೆರಳುಗಳು ಉದ್ದವಾಗಿದ್ದವು. ದೂರದಲ್ಲಿ ರೂಟ್ ಒನ್ ಹೆದ್ದಾರಿಯ ಸದ್ದು ಎಂದೂ ನಿಲ್ಲದ ಗ್ರೈಂಡರಿನ ಹಾಗೆ. ಕತ್ತಲಾದರೆ ರಕ್ತ ಕಾಣುವುದಿಲ್ಲ, ಟಾರ್ಚಿನ ಬೆಳಕಿನಲ್ಲಿ ನವೆಂಬರಿನ ಎಲೆಗಳೆಲ್ಲ ರಕ್ತದಂತೆಯೇ ಕಾಣುತ್ತವೆ. ಇನ್ನೂ ಕಾಯಬೇಕು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೊರಟ. ಬುದ್ಧಿವಂತ ತಿಳಿದೇ ಹಳ್ಳಕ್ಕೆ ಬೀಳುವುದು. ಒಂದೊಂದು ಹನಿ ಸಿಕ್ಕಲ್ಲೂ ಬಿಳಿ ಟಿಶ್ಯೂ ಚೂರೊಂದನ್ನು ಪೊದೆಗೆ ಸಿಕ್ಕಿಸುತ್ತ, ತಿರುಗಿ ನೋಡಿ ಆ ಬಿಳಿ ಚೂರುಗಳ ಸಾಲು ಯಾವ ಕಡೆ ಬಾಗುತ್ತದೆಂದು ಅಂದಾಜು ಮಾಡುತ್ತ, ಸೊಂಟ ಬಗ್ಗಿಸಿ ನಡೆದ. ಹನಿ ಇಲ್ಲದ ಕಡೆ ಎಲೆ ಮಗುಚಿದ ಗುರುತು. ಅದೂ ಇಲ್ಲದ ಕಡೆ ನಿಂತು, ಮೂಡಲಿಗೊಮ್ಮೆ ಪಡುವಲಿಗೊಮ್ಮೆ ನೋಡಿ, ನಾನು ಜಿಂಕೆಯಾಗಿದ್ದರೆ, ಹೊಟ್ಟೆಯೊಳಗೆ ಬೆಂಕಿ ಬಿದ್ದಿದ್ದರೆ, ಎಲ್ಲಿಗೆ ಹೋಗುತ್ತಿದ್ದೆ ಎಂದು ಯೋಚಿಸುತ್ತಿದ್ದ. ನೀರಿನ ಕಡೆಗೆ. ಇಳಿಜಾರಿನ ಕಡೆಗೆ. ಮೊದಮೊದಲು ಈ ಯೋಚನೆ ಅವನಿಗೆ ಹಿಂಸೆಯಾಗುತ್ತಿತ್ತು. ಈಗ ಇದೊಂದೇ ಹೊತ್ತಿನಲ್ಲಿ ಬೇರೊಂದು ಜೀವದ ನೋವನ್ನು ಪೂರ್ತಿಯಾಗಿ ಗಮನಿಸುತ್ತೇನೆ ಎಂದು ಅನ್ನಿಸುತ್ತಿತ್ತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು.

ಬಿದ್ದ ಮರವೊಂದರ ಮಗ್ಗುಲಲ್ಲಿ ಅದು ಮಲಗಿತ್ತು. ಅವನು ಕಾಣುವ ಮುಂಚೆ ಅದೇ ಅವನನ್ನು ಕಂಡಿತು. ಗಾಯಗೊಂಡ ಜಿಂಕೆ ತಾನು ಬಂದ ದಾರಿಗೇ ಮುಖ ಮಾಡಿ ಮಲಗುತ್ತದೆ, ಹಿಂದೆ ಬರುವವನು ಮೊದಲೇ ಕಾಣಲಿ ಎಂದು. ಕಿವಿಗಳೆರಡೂ ಅವನತ್ತ ತಿರುಗಿದ್ದವು, ಕಣ್ಣು ಅಲುಗಲಿಲ್ಲ. ಒಂದು ಗಳಿಗೆ ಇಬ್ಬರೂ ಹಾಗೇ ನೋಡಿಕೊಂಡರು. ಆಮೇಲೆ ಅದು ಮುಂಗಾಲೂರಿ, ಮುದುಕಿಯೊಬ್ಬಳು ಪಾತ್ರೆಗಳ ನಡುವಿನಿಂದ ಏಳುವ ಹಾಗೆ ಎದ್ದು, ಬಿಳಿ ಬಾಲ ಎತ್ತಿ ಹಳ್ಳದ ಕಡೆಗೆ ಹೊರಟುಹೋಯಿತು. ಮಲಗಿದ್ದ ಜಾಗದಲ್ಲಿ ಎಲೆಗಳು ಅಚ್ಚೊತ್ತಿದಂತೆ ಒತ್ತಿಕೊಂಡಿದ್ದವು, ನಡುವೆ ಅಂಗೈಯಗಲ ಕಪ್ಪು. ಕೈಯಿಟ್ಟು ನೋಡಿದ. ಬೆಚ್ಚಗಿತ್ತು. ಇನ್ನೊಂದು ತಾಸು ಬಿಟ್ಟಿದ್ದರೆ ಇಲ್ಲೇ ಮುಗಿಯುತ್ತಿತ್ತು, ಸುಖವಾಗಿ ಅಲ್ಲದಿದ್ದರೂ ನೆಮ್ಮದಿಯಾಗಿ. ಕೂರಬಾರದು ಎಂಬ ಹಟಕ್ಕೆ ಅದನ್ನು ಎಬ್ಬಿಸಿದ. "ಥೂ ನಿನ್ನ" ಎಂದು ಹಬೀಬ್ ಗಟ್ಟಿಯಾಗಿಯೇ ತನಗೆ ತಾನೇ ಬೈದುಕೊಂಡ. ಕನ್ನಡದಲ್ಲಿ ಮಾತಾಡಿ ಎಷ್ಟು ದಿನವಾಯಿತು ಎಂದು ಆಗ ಹೊಳೆಯಿತು. ಎರಡು ವರ್ಷದಿಂದ ಆ ಭಾಷೆಯಲ್ಲಿ ಬೈಯುವುದಕ್ಕೂ ಯಾರೂ ಇರಲಿಲ್ಲ.

ಹಳ್ಳ ದಾಟಿ, ಮುಳ್ಳುಪೊದೆ ದಾಟಿ, ಬಿಳಿ ಚೂರುಗಳ ಸಾಲು ಒಂದು ಮರದ ಬೇಲಿಯ ಬುಡಕ್ಕೆ ಬಂದು ಮುಗಿಯಿತು. ಬೇಲಿಯ ಒಂದು ಹಲಗೆ ಕಳಚಿ ಬಿದ್ದಿತ್ತು; ಅದರ ಪಕ್ಕದ ಹಲಗೆಗೆ ರಕ್ತ ಒರೆಸಿಕೊಂಡಿತ್ತು, ನಾಲ್ಕು ಕೂದಲು ಸಿಕ್ಕಿಕೊಂಡಿದ್ದವು. ಆಚೆ ಒತ್ತಾಗಿ ಬೆಳೆದ ಪೊದೆಗಳ ಸಾಲು, ಅದರಾಚೆ ಮನೆಗೆ ಅಂಟಿದ ಮರದ ಜಗಲಿ, ಒಂದು ಡೆಕ್, ಡೆಕ್ಕಿಗೆ ಮೆಟ್ಟಿಲು. ಮೂರನೆಯ ಮೆಟ್ಟಿಲು ಸೊಟ್ಟ. ಆ ಮೆಟ್ಟಿಲಿಗೆ ಮೊಳೆ ಹೊಡೆದವನು ಹಬೀಬನೇ. ಹಲಗೆ ಹಿಡಿದು, ಸೊಟ್ಟ ಆಗ್ತಿದೆ ಕಣೋ ಸಾಬಿ, ಎಂದು ನಗುತ್ತ ನಿಂತಿದ್ದವನು ಈ ಮನೆಯ ಬದರೀನಾಥ. ಒಳಗಿನಿಂದ ಅವನ ಹೆಂಡತಿ ಪಂಕಜಾ ಮತ್ತು ಖತೀಜಾ ಇಬ್ಬರೂ ಬಂದು, ಇಂಜಿನಿಯರುಗಳ ಕೈಲಿ ಒಂದು ಮೆಟ್ಟಿಲು ನೆಟ್ಟಗೆ ಕೂರಲಿಲ್ಲವಲ್ಲ ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ಈ ಕೆಂಡಲ್ ಪಾರ್ಕ್ ಊರಿನಲ್ಲಿ ಎಷ್ಟೊಂದು ಹಿತ್ತಿಲುಗಳಿವೆ. ಜಿಂಕೆಗೆ ಇದೇ ಆಗಬೇಕಿತ್ತೆ?

ಬದರಿಯೂ ಮೈಸೂರಿನವನೇ, ಅಗ್ರಹಾರದವನು. ಒಂದೇ ಕಾರಿನಲ್ಲಿ ವರ್ಷಗಟ್ಟಲೆ ಕಮ್ಯೂಟ್ ಮಾಡಿದವರು. ಈ ದೇಶದಲ್ಲಿ ಅವನನ್ನು ಹೋಗೋ ಬಾರೋ ಎನ್ನುತ್ತಿದ್ದ ಒಬ್ಬನೇ ಮನುಷ್ಯ. ಖತೀಜಾ ಕಾಯಿಲೆ ಬಿದ್ದ ಮೇಲೆ ಅವನು ಬರುವುದು ಕಡಿಮೆಯಾಯಿತು. ಅವಳು ಸತ್ತಾಗ ಬರಲೇ ಇಲ್ಲ. ವಾಟ್ಸಾಪಿನಲ್ಲಿ ಸೋ ಸಾರಿ ಎಂದು ಎರಡು ಪದ, ಕೈ ಮುಗಿದ ಒಂದು ಚಿತ್ರ. ಮಣ್ಣು ಕೊಡಲು ಅಪರಿಚಿತರು ಬಂದಿದ್ದರು. ಐಸೆಲಿನ್ನಿನ ದಿನಸಿ ಅಂಗಡಿಯವನು ಬಂದಿದ್ದ. ಇವನು ಬರಲಿಲ್ಲ, ಪಂಕಜಾ ಬರಲಿಲ್ಲ. ಆಮೇಲೊಮ್ಮೆ ಅಂಗಡಿಯಲ್ಲಿ ಕರಿಬೇವಿನ ಕಟ್ಟಿನ ಮುಂದೆ ನಿಂತಿದ್ದ ಬದರಿ ಹಬೀಬನನ್ನು ಕಂಡು, ತಕ್ಷಣ ಫೋನು ತೆಗೆದು ಕಿವಿಗಿಟ್ಟುಕೊಂಡು ಮುಂದಿನ ಸಾಲಿಗೆ ಸರಿದುಹೋಗಿದ್ದ. ಫೋನು ಬಂದಿರಲಿಲ್ಲ ಎಂದು ಹಬೀಬನಿಗೆ ಗೊತ್ತು. ಆ ದಿನ ಕೊಂಡ ತರಕಾರಿಯನ್ನೆಲ್ಲ ಅವನು ಕಾರಿನಲ್ಲೇ ಬಿಟ್ಟಿದ್ದ.

ಬೇಲಿ ದಾಟಿದರೆ ಯಾರೂ ನೋಡುವುದಿಲ್ಲ. ಆದರೆ ಕಾಯಿದೆಯಿದೆ: ಗಾಯಗೊಂಡ ಜಿಂಕೆ ಇನ್ನೊಬ್ಬರ ಜಾಗಕ್ಕೆ ಹೋದರೆ, ಮನೆಯವರನ್ನು ಕೇಳಿಯೇ ಕಾಲಿಡಬೇಕು. ಕಾಯಿದೆ ಮುರಿದು ತಂದ ಮಾಂಸವನ್ನು ಖತೀಜಾಳ ಹೆಸರಿನಲ್ಲಿ ಬಡಿಸುವುದು ಅವನಿಂದ ಆಗದು. ಒಂದು ಬಾಗಿಲು ತಟ್ಟಬೇಕು, ಒಂದು ಮಾತು ಕೇಳಬೇಕು, ಅವನು ಹೂಂ ಅಂದರೆ ಹಿತ್ತಿಲಿಗೆ ನಡೆಯಬೇಕು. ಕೂರುವ ಪ್ರಶ್ನೆಯೇ ಇಲ್ಲ. ಹಬೀಬ್ ರಸ್ತೆಗೆ ಸುತ್ತಿಹಾಕಿಕೊಂಡು ಬಂದು, ಕಿತ್ತಳೆ ಬಣ್ಣದ ಜಾಕೆಟ್ಟನ್ನು ತೆಗೆದು ಸುತ್ತಿ ಕಂಕುಳಲ್ಲಿಟ್ಟುಕೊಂಡ. ಸೊಂಟದ ಚೂರಿಯನ್ನು ಅಂಗಿಯ ಕೆಳಗೆ ಸರಿಸಿದ. ಬೂಟಿನ ತುದಿಯ ರಕ್ತವನ್ನು ಹುಲ್ಲಿಗೆ ಉಜ್ಜಿದ. ಬ್ರಾಹ್ಮಣರ ಮನೆಯ ಬಾಗಿಲಿಗೆ ಈ ವೇಷದಲ್ಲಿ, ಮಾತು ಬಿಟ್ಟ ಎರಡು ವರ್ಷದ ಮೇಲೆ, ನಿನ್ನ ಹಿತ್ತಿಲಿನಲ್ಲಿ ನಾನು ಹೊಡೆದ ಜಿಂಕೆ ಸಾಯುತ್ತಿದೆ ಎಂದು ಹೇಳಲು. ಬೆಲ್ ಒತ್ತಿದ.

ಒಳಗೆ ಕುರ್ಚಿ ಎಳೆದ ಸದ್ದಾಯಿತು. ಬಾಗಿಲ ತೀರ ಮೇಲ್ತುದಿಯಲ್ಲಿ ಚಿಲಕ ಸರಿಯಿತು. ಬಾಗಿಲು ತೆರೆದಾಗ ಪಂಕಜಾ ಕುರ್ಚಿಯ ಮೇಲಿಂದ ಇಳಿಯುತ್ತಿದ್ದಳು. ಮದುವೆಮನೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ, ಮೇಲೆ ಬದರಿಯ ಚಳಿಗಾಲದ ಕೋಟು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಯ್ಯೋ, ಹಬೀಬ್! ಬನ್ನಿ ಬನ್ನಿ, ಹೊರಗ್ಯಾಕೆ ನಿಂತಿದೀರಾ," ಎಂದಳು, ನಿನ್ನೆ ಸಂಜೆ ತಾನೇ ಬಂದುಹೋದವನನ್ನು ಕರೆಯುವಂತೆ. ಅವನ ಭುಜದಾಚೆ ಇಣುಕಿದಳು. "ಖತೀಜಾ ಕಾರ್ ಪಾರ್ಕ್ ಮಾಡ್ತಿದಾಳಾ?"

ಹಬೀಬ್ ಕಂಕುಳ ಜಾಕೆಟ್ಟನ್ನು ಇನ್ನಷ್ಟು ಒತ್ತಿ ಹಿಡಿದ. "ಪಂಕಜಕ್ಕ, ಬದರಿ ಇಲ್ವಾ?"

"ಆಫೀಸಿಗೆ ಹೋಗಿದಾರೆ. ಬರೋ ಹೊತ್ತಾಯ್ತು. ಒಳಗ್ ಬನ್ನಿ ನೀವು, ಛಳಿ."

ಬದರಿ ರಿಟೈರ್ ಆಗಿ ಐದು ವರ್ಷವಾಗಿತ್ತು. ಆ ಪಾರ್ಟಿಯಲ್ಲಿ ಬಿರಿಯಾನಿಯ ಪಕ್ಕದಲ್ಲೇ ಪುಳಿಯೋಗರೆ ಇಟ್ಟದ್ದಕ್ಕೆ ತಮಾಷೆಯ ಜಗಳವಾದದ್ದು ಹಬೀಬನಿಗೆ ನೆನಪಿತ್ತು. ಒಳಗೆ ಬಂದ. ಬೂಟು ಬಿಚ್ಚಿದ. ಪಂಕಜಾ ಅಡಿಗೆಮನೆಗೆ ಹೋಗಿ ಸ್ಟೋವಿನ ಮುಂದೆ ನಿಂತು, ಗುಂಡಿಗಳಿರಬೇಕಾದ ಕಡೆ ಬೆರಳಾಡಿಸಿದಳು. ಗುಂಡಿಗಳಿರಲಿಲ್ಲ, ಯಾರೋ ಎಲ್ಲವನ್ನೂ ಕಿತ್ತು ತೆಗೆದಿದ್ದರು. ಬರಿಯ ಸಣ್ಣ ಕಡ್ಡಿಗಳು ಹೊರಗೆ ಚಾಚಿಕೊಂಡಿದ್ದವು. ಅವಳು ಒಂದೊಂದನ್ನೇ ಮುಟ್ಟಿ, ಮತ್ತೆ ಮೊದಲನೆಯದಕ್ಕೆ ಬಂದಳು. ಆಗ ಹಬೀಬನಿಗೆ ಎಲ್ಲ ಅರ್ಥವಾಯಿತು: ಮೇಲಿನ ಚಿಲಕ, ಕುರ್ಚಿ, ಕೋಟು, ಕರಿಬೇವಿನ ಮುಂದೆ ಕಿವಿಗಿಟ್ಟುಕೊಂಡ ಫೋನು. ಅಷ್ಟೂ ಒಟ್ಟಿಗೇ ಅರ್ಥವಾಗಿ, ಎದೆಯಲ್ಲಿ ಎರಡು ವರ್ಷದಿಂದ ಹಿಡಿದಿಟ್ಟುಕೊಂಡ ಸಿಟ್ಟಿಗೆ ನಿಲ್ಲಲು ಜಾಗವೇ ಇಲ್ಲದಂತಾಯಿತು. ತಾನು ಬೆಲ್ ಒತ್ತದಿದ್ದರೆ ಇವಳು ಕುರ್ಚಿ ಹತ್ತುತ್ತಿರಲಿಲ್ಲ ಎಂಬುದೂ ಹೊಳೆಯಿತು. ಈಗ ಇವಳನ್ನು ಹೀಗೆ ಬಿಟ್ಟು ಹಿತ್ತಿಲಿಗೆ ಹೋದರೆ, ಹಿಂದಕ್ಕೆ ಬರುವಷ್ಟರಲ್ಲಿ ಮುಂಬಾಗಿಲಿನಿಂದ ಹೊರಟು ಎಲ್ಲಿಗೆ ಹೋಗಿರುತ್ತಾಳೋ.

ಬದರಿಯ ನಂಬರನ್ನು ಅಳಿಸಿರಲಿಲ್ಲ. ಮೊದಲ ರಿಂಗಿಗೇ ಎತ್ತಿದ. ಹಬೀಬ್ ತಾನೆಲ್ಲಿದ್ದೇನೆ, ಚಿಲಕ ಹೇಗೆ ತೆರೆಯಿತು ಎಂದು ಎರಡು ಮಾತಿನಲ್ಲಿ ಹೇಳಿದ. ಆ ಕಡೆ ಕಾರಿನ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. "ಫಾರ್ಮಸಿಗೆ ಬಂದಿದ್ದೆ ಕಣೋ. ರೂಟ್ ಒನ್ನಲ್ಲಿ ಸಿಕ್ಕಾಕ್ಕೊಂಡಿದೀನಿ. ಹೊರಗೆ ಬಿಡಬೇಡ ಅವಳ್ನ. ಪ್ಲೀಸ್," ಎಂದ ಬದರಿ. ಪ್ಲೀಸ್ ಎಂಬ ಪದ ಅವನ ಬಾಯಲ್ಲಿ ಹಬೀಬ್ ಕೇಳಿದ್ದು ಅದೇ ಮೊದಲು.

ಸರಿ, ನಿಂತಿರೋಣ. ನಿಲ್ಲುವುದು ಬೇರೆ, ಕೂರುವುದು ಬೇರೆ. ಹಬೀಬ್ ಡೈನಿಂಗ್ ಟೇಬಲ್ಲಿನ ಕುರ್ಚಿಯೊಂದರ ಬೆನ್ನು ಹಿಡಿದು, ಮೇಜಿಗೆ ಬೆನ್ನಾಗಿ, ಹಿತ್ತಿಲ ಕಡೆಯ ಕಿಟಕಿಗೆ ಮುಖ ತಿರುಗಿಸಿ ನಿಂತ. ಪೊದೆಗಳ ಬುಡದಲ್ಲಿ ಆಗಲೇ ಕತ್ತಲೆ. ಮನಸ್ಸು ಹುಡುಕುತ್ತಿತ್ತು: ಆ ಮೂಲೆಯಲ್ಲಿ ಇರಬೇಕು, ಇಲ್ಲವೇ ಶೆಡ್ಡಿನ ಮಗ್ಗುಲಲ್ಲಿ. ಬದರಿ ಬಂದ ಕೂಡಲೇ ಹೋಗಿಬಿಟ್ಟರೆ ಇನ್ನೂ ಎಲ್ಲ ಉಳಿಯುತ್ತದೆ. ಪಂಕಜಾ ಎರಡು ಸ್ಟೀಲ್ ಲೋಟ ತಂದು ಮೇಜಿನ ಮೇಲಿಟ್ಟಳು. ಲೋಟಗಳು ಖಾಲಿಯಾಗಿದ್ದವು.

"ಕೂತ್ಕೊಳ್ಳಿ," ಎಂದಳು.

"ಇರ್ಲಿ ಅಕ್ಕ. ನಿಂತೇ ಇರ್ತೀನಿ."

"ಕಾಫಿ ನಿಂತ್ಕೊಂಡು ಕುಡೀತಾರಾ ಯಾರಾದ್ರೂ? ಕೂತ್ಕೊಳ್ಳಿ."

"ಈಗ ಹೊರಟೆ ಅಕ್ಕ, ಬದರಿ ಬಂದ ತಕ್ಷಣ."

ಪಂಕಜಾ ಎದುರಿನ ಕುರ್ಚಿಯಲ್ಲಿ ಕೂತು, ಕೋಟಿನ ತೋಳನ್ನು ಮಡಿಸಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ಖತೀಜಾ ಹೇಳೋದು ಸುಳ್ಳಲ್ಲ ನೋಡಿ," ಎಂದಳು.

ಹೇಳೋದು, ಎಂದಳು. ಹೇಳುತ್ತಿದ್ದದ್ದು ಎನ್ನಲಿಲ್ಲ. ಎರಡು ವರ್ಷದಿಂದ ಎಲ್ಲರೂ ಅವನ ಎದುರಿಗೆ ಖತೀಜಾಳನ್ನು ಎಚ್ಚರಿಕೆಯಿಂದ ಹಿಂದಕ್ಕೆ ಸರಿಸಿಯೇ ಮಾತಾಡಿದ್ದರು. ಆರಿಫಾ ಕೂಡ. ಹಬೀಬ್ ಕಿಟಕಿಯಿಂದ ಕಣ್ಣು ತೆಗೆದ. "ಏನ್ ಹೇಳ್ತಾಳೆ?"

"ಬೆಳಿಗ್ಗೆ ಬಂದಿದ್ಲಲ್ಲ, ಗೊಜ್ಜವಲಕ್ಕಿ ಮಾಡಿದ್ದೆ, ಎರಡು ಸಲ ಹಾಕಿಸ್ಕೊಂಡ್ಲು. ಆಮೇಲೆ ಹೇಳ್ತಿದ್ಲು, ಪಂಕಜಕ್ಕ, ನಮ್ಮನೆಗೆ ಆರು ಕುರ್ಚಿ ಡೈನಿಂಗ್ ಟೇಬಲ್ ತಂದಿದಾರೆ ನಮ್ಮೆಜಮಾನ್ರು, ಒಂದ್ರಲ್ಲೂ ಕೂರಲ್ಲ. ತಟ್ಟೆ ಹಿಡ್ಕೊಂಡು ಸಿಂಕ್ ಪಕ್ಕ ನಿಂತು ತಿಂತಾರೆ, ರೈಲು ತಪ್ಪಿಹೋಗತ್ತೆ ಅನ್ನೋ ಹಾಗೆ. ಇವತ್ತು ಕೂತ್ಕೋತಾರೇನೋ, ಇವತ್ತು ಕೂತ್ಕೋತಾರೇನೋ ಅಂತ ನಾನು ಬಡಿಸ್ಕೊಳ್ದೇ ನೋಡ್ತಾ ಇರ್ತೀನಿ. ಹೇಳಕ್ಕೆ ನಾಚಿಕೆ ಅಕ್ಕ, ಇಷ್ಟು ವಯಸ್ಸಾಗಿ. ಅನ್ನ ಆರಿಹೋಗತ್ತೆ." ಪಂಕಜಾ ಲೋಟವನ್ನು ಅವನತ್ತ ತಳ್ಳಿದಳು. "ನಾನೇ ಹೇಳ್ತೀನಿ ಬಿಡು ಅಂದೆ. ಅದಕ್ಕೇ ಹೇಳ್ತಿದೀನಿ. ಕೂತ್ಕೊಳ್ಳಿ."

ನೀಲಿ ಕುರ್ಚಿಯ ಮೇಲೆ ಕೋಟು ಇತ್ತು. ಖತೀಜಾ ಒಮ್ಮೆ, ಕೊನೆಯ ವಾರದಲ್ಲಿ, ಕೈ ಚಾಚಿ ಆ ಕೋಟನ್ನು ಎಳೆದು ಮಂಚದ ಮೇಲೆ ಹಾಕಿಕೊಂಡಿದ್ದಳು. ಕುರ್ಚಿ ಖಾಲಿಯಾಗಿತ್ತು. ಚಳಿಯಾಗುತ್ತಿದೆಯೇನೋ ಎಂದು ಅವನು ನರ್ಸಿಗೆ ಹೇಳಿ ಇನ್ನೊಂದು ಬ್ಲಾಂಕೆಟ್ ತರಿಸಿ ಹೊದಿಸಿ, ಕೋಟನ್ನು ತೆಗೆದು ಮತ್ತೆ ಕುರ್ಚಿಯ ಮೇಲಿಟ್ಟಿದ್ದ. ಅವಳು ಥ್ಯಾಂಕ್ಯೂ ಎಂದಿದ್ದಳು.

ಹಬೀಬ್ ಕುರ್ಚಿ ಎಳೆದು ಕೂತ. ಕೂರುವಾಗ ಅವನಿಗೆ ಸರಿಯಾಗಿ ತಿಳಿದಿತ್ತು, ಏನನ್ನು ಬಿಡುತ್ತಿದ್ದೇನೆಂದು. ಭಾನುವಾರದ ಊಟ, ಮಗಳಿಗೆ ಕೊಟ್ಟ ಮಾತು, ಡಾಕ್ಟರುಗಳ ಎದುರಿಗೆ ಇವರ ಕೈಯಾರೆ ತಂದದ್ದು ಎಂಬ ಒಂದು ಮಾತು. ಬೇಲಿಯೊಳಗಿನ ಆ ಜೀವಕ್ಕೆ ಇವತ್ತೆಲ್ಲ ಬೇಕಾಗಿದ್ದದ್ದೂ ಇಷ್ಟೇ: ಹಿಂದೆ ಬಂದವನು ಒಂದು ಕಡೆ ಸುಮ್ಮನೆ ಕೂರುವುದು. ಅವನು ಖಾಲಿ ಲೋಟ ಎತ್ತಿ ತುಟಿಗಿಟ್ಟುಕೊಂಡ.

"ಸಕ್ರೆ ಸಾಕಾ?"

"ಸರಿಯಾಗಿದೆ ಅಕ್ಕ. ಇನ್ನೇನ್ ಹೇಳ್ತಾಳೆ?"

ಅವಳು ಹೇಳುತ್ತ ಹೋದಳು. ಕೆಲವು ನಡೆದಿರಬಹುದು, ಕೆಲವು ನಡೆದಿರಲಾರದು. ಖತೀಜಾಳಿಗೆ ಇಲ್ಲಿನ ಹಿಮ ಇಷ್ಟವಂತೆ, ಅವನ ಮುಂದೆ ಮಾತ್ರ ಬೈಯುತ್ತಾಳಂತೆ. ಡ್ರೈವಿಂಗ್ ಟೆಸ್ಟಿನಲ್ಲಿ ಮೂರನೇ ಸಲ ಫೇಲಾದದ್ದನ್ನು ಅವನಿಗೆ ಹೇಳಿಯೇ ಇಲ್ಲವಂತೆ. ಹಬೀಬ್ ಎರಡು ಮೊಣಕೈಗಳನ್ನು ಮೇಜಿನ ಮೇಲೂರಿ, ಹಸಿದವನ ಹಾಗೆ ಕೇಳಿದ. ಕಿಟಕಿ ಅವನ ಬೆನ್ನಿಗಿತ್ತು. ಅದು ಯಾವಾಗ ಪೂರ್ತಿ ಕಪ್ಪಾಯಿತೋ ಅವನು ನೋಡಲಿಲ್ಲ.

ಗರಾಜಿನ ಬಾಗಿಲಿನಿಂದ ಬದರಿ ಬಂದ. ಸಣಕಲಾಗಿದ್ದ. ಕೈಯಲ್ಲಿ ಫಾರ್ಮಸಿಯ ಬಿಳಿ ಚೀಲ. ಹೆಂಡತಿಯನ್ನು, ತೆರೆದ ಚಿಲಕವನ್ನು, ಖಾಲಿ ಲೋಟಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ಹಬೀಬನನ್ನು ನೋಡಿದ. "ಮೇಲಿನ ಚಿಲಕ ಹಾಕೇ ಹೋಗಿದ್ದೆ," ಎಂದ, ಯಾರೋ ಆರೋಪ ಮಾಡಿದ ಹಾಗೆ. "ಹತ್ತು ನಿಮಿಷ ಅಂತ ಹೋಗಿದ್ದು. ಎಲ್ಲಾ ಫೈನ್ ಇದೆ ಇಲ್ಲಿ."

"ಗೊತ್ತಾಯ್ತು," ಎಂದ ಹಬೀಬ್.

"ಏನ್ ಗೊತ್ತಾಯ್ತು?"

"ನಿನ್ನ ಹಿತ್ತಿಲಲ್ಲಿ ನನ್ನ ಜಿಂಕೆ ಒಂದಿದೆ ಕಣೋ. ಹುಡುಕಬೇಕು. ಪರ್ಮಿಷನ್ ಕೊಡು."

ಬದರಿ ಏನನ್ನೂ ಕೇಳದೆ ಡ್ರಾಯರಿನಿಂದ ಟಾರ್ಚ್ ತೆಗೆದ. ಪಂಕಜಾಳಿಗೆ ಟಿವಿ ಹಾಕಿಕೊಟ್ಟು, ಮುಂಬಾಗಿಲ ಚಿಲಕ ಹಾಕಿ, ಕುರ್ಚಿಯನ್ನು ಎತ್ತಿ ಕ್ಲಾಸೆಟ್ಟಿನಲ್ಲಿಟ್ಟು ಬಂದ. ಇಬ್ಬರೂ ಡೆಕ್ಕಿನ ಮೆಟ್ಟಿಲಿಳಿದರು. ಮೂರನೆಯದರಲ್ಲಿ ಇಬ್ಬರ ಕಾಲೂ ತಾನಾಗಿಯೇ ಓರೆಯಾಗಿ ಬಿತ್ತು. ಹುಲ್ಲಿನ ಮೇಲೆ ಬಂದು ನಿಂತ ಮೇಲೆ ಬದರಿ, ಟಾರ್ಚನ್ನು ನೆಲಕ್ಕೇ ಹಿಡಿದುಕೊಂಡು, ಹೇಳಿದ:

"ಖತೀಜಾ ಹೋದ ದಿನ ಪಂಕಜಂಗೆ ಹೇಳ್ದೆ. ಅತ್ತಳು, ಎದೆ ಬಡ್ಕೊಂಡು ಅತ್ತಳು. ಸೀರೆ ಉಟ್ಕೊಂಡು ಹೊರಡೋಷ್ಟ್ರಲ್ಲಿ ಮರ್ತಿದ್ಲು. ಎಲ್ಲಿಗ್ರೀ ಅಂದ್ಲು. ಮತ್ತೆ ಹೇಳ್ದೆ. ಮತ್ತೆ ಹಾಗೇ, ಮೊದಲನೇ ಸಲ ಕೇಳಿದ ಹಾಗೆ. ಕಾರಲ್ಲಿ ಮತ್ತೆ. ನಿನ್ ಮನೆ ಬೀದಿ ತನಕ ಬಂದು ವಾಪಸ್ ಹೋದ್ವಿ ಕಣೋ. ಕೇಳಿದಾಗೆಲ್ಲ ಹೇಳಿದ್ರೆ, ಪ್ರತಿ ಸಲ ಖತೀಜಾ ಹೊಸದಾಗಿ ಸಾಯ್ತಿದ್ಲು. ಆಮೇಲೆ ಹೇಳೋದೇ ಬಿಟ್ಟೆ. ನಿನ್ನ ಕಂಡ್ರೆ ಕೇಳೇ ಕೇಳ್ತಾಳೆ. ಅದಕ್ಕೇ ನಿನ್ನನ್ನೂ ಬಿಟ್ಟೆ."

"ನನಗಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ನಿಜ ಆಗ್ಬಿಡತ್ತಲ್ಲ." ಬದರಿ ಮೂಗೊರೆಸಿಕೊಂಡ. "ಬಾ, ಎಲ್ಲಿದೆ ನಿನ್ ಜಿಂಕೆ."

ಶೆಡ್ಡಿನ ಮಗ್ಗುಲಲ್ಲಿ ಅದು ಸಿಕ್ಕಿತು, ಪೊದೆಯ ಬುಡದ ಒಣ ಎಲೆಗಳಲ್ಲಿ, ಕಾಲು ಮಡಿಸಿಕೊಂಡು. ಕಿಟಕಿಯಿಂದ ಹತ್ತು ಮಾರು ದೂರವೂ ಇರಲಿಲ್ಲ. ಮೈ ಬೆಚ್ಚಗಿತ್ತು. ಹಬೀಬ್ ಬಗ್ಗಿ, ಕಣ್ಣಿನ ಗುಡ್ಡೆಯನ್ನು ಕಡ್ಡಿಯ ತುದಿಯಿಂದ ಮುಟ್ಟಿ ನೋಡಿದ. ಅಲುಗಲಿಲ್ಲ. ಅದು ಬೇಲಿಯ ಸಂದಿಗೇ ಮುಖ ಮಾಡಿ ಮಲಗಿತ್ತು, ತಾನು ಬಂದ ದಾರಿಗೆ. ಅವನು ಬರಬೇಕಾಗಿದ್ದ ದಾರಿಗೆ. ಆ ದಾರಿಯಲ್ಲಿ ಯಾರೂ ಬರಲಿಲ್ಲ. ಈ ಸಲ ಅದನ್ನು ಯಾರೂ ಎಬ್ಬಿಸಿರಲಿಲ್ಲ. ಹಬೀಬನಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಬದರಿ ಟಾರ್ಚನ್ನು ಬೇರೆ ಕಡೆ ತಿರುಗಿಸಿ ಹಿಡಿದ.

ಆಮೇಲೆ, ಮಾತು ಬದಲಿಸುವಂತೆ, "ಭಾನುವಾರ ಖತೀಜಾ ಹೋದ ದಿನ ಅಲ್ವೇನೋ?" ಎಂದು ಬದರಿ ಕೇಳಿದ. "ಇದನ್ನೇ ಮಾಡ್ತೀರಾ?"

"ಇಲ್ಲ. ಇದನ್ನ ಕೋರ್ಸ್ ಮಾಡಿಸಿದ ಮೇಷ್ಟ್ರಿಗೆ ಕೊಡ್ತೀನಿ. ಅವರ ಮನೇಲಿ ತಿಂತಾರೆ. ನಾವು ತಿನ್ನೋ ಹಾಗಿಲ್ಲ."

"ಯಾಕೋ? ನೀನೇ ಹೊಡೆದಿದ್ದಲ್ವಾ?"

"ಕೂತ್ಬಿಟ್ಟೆ ಕಣೋ," ಎಂದ ಹಬೀಬ್.

ಬದರಿಗೆ ಅರ್ಥವಾಗಲಿಲ್ಲ. ಟಾರ್ಚನ್ನು ಬಗಲಿಗೆ ಸಿಕ್ಕಿಸಿಕೊಂಡು, ಮನೆತನದಲ್ಲೇ ಮೊದಲ ಬಾರಿಗೆ ಇರಬೇಕು, ಸತ್ತ ಪ್ರಾಣಿಯ ಹಿಂಗಾಲುಗಳನ್ನು ಎರಡೂ ಕೈಗಳಿಂದ ಹಿಡಿದ. ಹಬೀಬ್ ಮುಂಗಾಲುಗಳನ್ನು ಹಿಡಿದ. ಎತ್ತುವಷ್ಟರಲ್ಲಿ ಡೆಕ್ಕಿನ ದೀಪ ಹತ್ತಿತು. ಗಾಜಿನ ಬಾಗಿಲು ಸರಿಸಿಕೊಂಡು ಪಂಕಜಾ ಹೊರಗೆ ಬಂದು ನಿಂತಿದ್ದಳು, ಕೋಟಿಲ್ಲದೆ, ರೇಷ್ಮೆ ಸೀರೆಯಲ್ಲಿ.

"ಇಬ್ರೂ ಅಲ್ಲಿ ಕತ್ತಲಲ್ಲಿ ಏನ್ ಮಾಡ್ತಿದೀರಾ?" ಎಂದು ಕೂಗಿದಳು. "ಒಳಗೆ ಖತೀಜಾ ಒಬ್ಳೇ ಕೂತಿದಾಳೆ."

ಬದರಿಯ ಕೈ ಸಡಿಲವಾಯಿತು. ಅವನು ಹಬೀಬನ ಮುಖ ನೋಡಲಾರದೆ ನೆಲ ನೋಡಿದ. ಹಬೀಬ್ ಜಿಂಕೆಯ ಕಾಲುಗಳನ್ನು ಮೆಲ್ಲಗೆ ಎಲೆಗಳ ಮೇಲೆ ಇಳಿಸಿದ. ಕೈಗಳನ್ನು ಹುಲ್ಲಿಗೆ ಒರೆಸಿಕೊಂಡ.

"ಬಂದೆ ಅಕ್ಕ," ಎಂದ.